ಹತ್ತೊಂಬತ್ತು ದಿನದ ಅಂಗೈ

ಹದಿನೆಂಟು ವರ್ಷ ನನ್ನ ಅಂಗೈ ನಮ್ಮ ಮನೆಯ ಹೆಮ್ಮೆಯಾಗಿತ್ತು. ನೆಂಟರು ಬಂದರೆ ಸಾಕು, ಅವ್ವ ನನ್ನ ಕೈ ಹಿಡಿದೆಳೆದು, ಮಗುಚಿ ತೋರಿಸುತ್ತಿದ್ದಳು. "ನೋಡಿ, ಒಂದ್ ಗೀರಿಲ್ಲ. ನನ್ ಮಗ್ಳ ಕೈಲಿ ಒಂದ್ ದಿನ ಕಳೆ ಕೀಳಿಸಿಲ್ಲ ಕಣ್ರವ್ವ." ನಮ್ಮದು ಅರಕೆರೆ. ನಾಲೆ ನೀರಿನ ಊರು, ಭತ್ತ ಕಬ್ಬು ಬಿಟ್ಟರೆ ಬೇರೆ ಮಾತಿಲ್ಲ. ಅಂಥ ಊರಲ್ಲಿ ಬೇಸಾಯದ ಮನೆಯ ಹುಡುಗಿ ಗದ್ದೆಗೆ ಇಳಿಯದೆ ಬದುವಿನ ಮೇಲೇ ನಿಂತು ಬೆಳೆದಳು ಅಂದರೆ ಅದು ಅಪ್ಪನಿಗೆ ದೊಡ್ಡಸ್ತಿಕೆ. ಊಟದ ಕುಕ್ಕೆ ಹೊತ್ತು ಗದ್ದೆಗೆ ಹೋದರೆ ನಾಟಿ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ರೇಗಿಸುತ್ತಿದ್ದರು. "ಬಂದ್ರು ಬನ್ರಮ್ಮಿ ಓದೋ ಅಮ್ಮಣ್ಣಿ! ಕಾಲ್ಗೆ ಕೆಸ್ರು ತಾಕೀತು, ದೂರ ನಿಂತ್ಕಳವ್ವ." ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಕೃಷಿ ಇಲಾಖೆಯ ಜೀಪಿನಲ್ಲಿ ಒಬ್ಬ ಹೆಂಗಸು ನಮ್ಮೂರಿಗೆ ಬಂದರು. ನೂಲಿನ ಸೀರೆ, ಗಂಡಸರ ಥರದ ಚಪ್ಪಲಿ, ಹೆಗಲಿಗೊಂದು ಚೀಲ. ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಭತ್ತದ ಒಂದು ಗರಿ ಕಿತ್ತು, ತಿರುಗಿಸಿ ನೋಡಿ, ಬೆಂಕಿರೋಗ ಎಂದರು. ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಯಾವ ಹೊತ್ತಿನಲ್ಲಿ ಹೊಡೆಯಬೇಕು, ಎಲ್ಲವನ್ನೂ ಹೇಳಿದರು. ನಮ್ಮಪ್ಪ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತು ಕೇಳಿದ. ನಮ್ಮಪ್ಪ! ಅವ್ವ 'ಒಲೆ ಮೇಲೆ ಹಾಲು ಉಕ್ತಾ ಅದೆ' ಅಂದರೂ 'ಸುಮ್ಕಿರಮ್ಮಿ, ನಿನ್ಗೇನ್ ಗೊತ್ತು' ಅನ್ನುವ ಮನುಷ್ಯ. ಒಬ್ಬ ಹೆಂಗಸಿನ ಮಾತನ್ನು ಅವನು ಹಾಗೆ ಕೈ ಕಟ್ಟಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಹೆಂಗಸು ಓದಿದ ಕಾಲೇಜು ಯಾವುದು ಅಂತ ಜೀಪಿನ ಡ್ರೈವರನ್ನು ಕೇಳಿ ತಿಳಿದುಕೊಂಡೆ. ಕೃಷಿ ಕಾಲೇಜು. ನಾನೂ ಅಲ್ಲಿಗೇ ಹೋಗುವುದು ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಪಿಯುಸಿ ಓದಿದ್ದು ಶ್ರೀರಂಗಪಟ್ಟಣದಲ್ಲಿ. ತೊಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು, ಬರೀ ನಂಬರುಗಳ ಸಾಲು. ಅಪ್ಪ ನನ್ನ ಹಾಲ್ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಬರುವ ಪೇಪರಿಗಾಗಿ ಬಸ್ ಸ್ಟ್ಯಾಂಡಿನ ಹೋಟ್ಲಲ್ಲಿ ಕಾದ. ನಂಬರು ಕಾಣಲಿಲ್ಲ. ಹೋಟ್ಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹುಡುಕಿದರು. ಕಡೆಗೆ ನೋಡಿದರೆ ಯಾರೋ ಪುಣ್ಯಾತ್ಮ ಆ ಸಾಲಿನ ಮೇಲೇ ಟೀ ಗ್ಲಾಸು ಇಟ್ಟು, ಕಂದು ಬಣ್ಣದ ಬಳೆಯೊಂದು ಮೂಡಿಬಿಟ್ಟಿತ್ತು. ಅಪ್ಪ ಪೇಪರನ್ನು ಬಿಸಿಲಿಗೆ ಹಿಡಿದು ಹಿಂಭಾಗದಿಂದ ಓದಿಸಿದನಂತೆ. ಫಸ್ಟ್ ಕ್ಲಾಸು! ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಊರೆಲ್ಲ ತಿಳಿದು, ಪಕ್ಕದ ಮನೆಯವರು ಸಕ್ಕರೆ ತಿಂದೂ ಆಗಿತ್ತು.

ಆದರೆ ಮಾರನೇ ದಿನ ಕಾಲೇಜಿನ ಬೋರ್ಡಿನಲ್ಲಿ ಅಂಕ ನೋಡಿದಾಗ ಸಕ್ಕರೆ ಕಹಿಯಾಯಿತು. ಅರವತ್ತೇಳು ಪರ್ಸೆಂಟು. ಆ ಅಂಕಕ್ಕೆ ಕೃಷಿ ಕಾಲೇಜಿನ ಗೇಟು ಕೂಡ ತೆರೆಯುವುದಿಲ್ಲ ಅಂತ ನಮ್ಮ ಜೀವಶಾಸ್ತ್ರದ ಮೇಷ್ಟ್ರು ಹೇಳಿದರು. ನನ್ನ ಮುಖ ನೋಡಲಾರದೆ ಇನ್ನೊಂದು ಮಾತು ಸೇರಿಸಿದರು. "ರೈತರ ಮಕ್ಕಳಿಗೆ ಅಂತ ಒಂದಷ್ಟು ಸೀಟು ಬೇರೆ ಇಟ್ಟಿರ್ತಾರೆ ಕಣಮ್ಮ. ಆದ್ರೆ ಪಹಣಿ ತೋರಿಸಿದ್ರೆ ಸಾಲದು. ಬೇಸಾಯ ಗೊತ್ತಾ ಇಲ್ವಾ ಅಂತ ಎದುರಿಗೆ ಕೂರಿಸ್ಕೊಂಡು ಪರೀಕ್ಷೆ ಮಾಡ್ತಾರೆ. ನಿನಗೇನು, ಅರಕೆರೆಯೋಳು, ನೀರು ಕುಡಿದಷ್ಟು ಸುಲಭ." ನಾನು ತಲೆ ಆಡಿಸಿದೆ. 

ಅಪ್ಪ ಅರ್ಜಿಗೆ ರುಜು ಹಾಕಿದ. ಹಾಕುವಾಗಲೇ ಒಂದು ಷರತ್ತನ್ನೂ ಹಾಕಿದ. "ಸೀಟು ಸಿಕ್ರೆ ಓಗು, ಬ್ಯಾಡ ಅನ್ನಲ್ಲ. ಸಿಗ್ನಿಲ್ವಾ, ಕಿಕ್ಕೇರಿಯೋರು ಕೇಳ್ತಾವ್ರೆ, ಆ ಮಾತು ಮುಗ್ಸಮ." ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಆ ಗಂಡಿಗೆ ಸ್ವಂತ ಟ್ರಾಕ್ಟರಿತ್ತು. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, 'ಟ್ರಾಕ್ಟರು ಗಂಡು' ಅಂದರೆ ಮುಗಿಯಿತು. ಅವ್ವ ಆಗಲೇ ಅರ್ಧ ಟ್ರಾಕ್ಟರಿನ ಮೇಲೆ ಕೂತಾಗಿತ್ತು. ಆಷಾಢ ಕಳೆದ ಮೊದಲ ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದೂ ಗೊತ್ತಾಯಿತು.

ಪರೀಕ್ಷೆಯ ಕರೆ ಬಂದಾಗ ಇಪ್ಪತ್ತೊಂದು ದಿನ ಬಾಕಿ. ಅಪ್ಪ ನನ್ನನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ನಿವೃತ್ತರಾದ ಒಬ್ಬ ಕೃಷಿ ಅಧಿಕಾರಿ ಇದ್ದರು, ಅಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಕಾಲದಿಂದ ಪರಿಚಯ. ಅವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಆ ಮಾತನ್ನು ಅವರು ಗಂಟೆಗೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದರು. ಜಗುಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಸಿ, ಪಂಚೆಯ ಮೇಲೆ ಕೋಟು ತೊಟ್ಟುಕೊಂಡು ಬಂದು, "ಈಗ ನಾನು ಪರೀಕ್ಷಕ, ನೀನು ಅಭ್ಯರ್ಥಿ" ಎಂದು ಕೂತರು. ಅಪ್ಪ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕುಳಿತ.

"ರಾಗಿ ಕಾಳು ಹೇಗಿರುತ್ತೆ, ಹೇಳು."

ನಾನು ಪುಸ್ತಕದಲ್ಲಿ ಉರುಹೊಡೆದಿದ್ದ ರಾಗಿಯ ಲ್ಯಾಟಿನ್ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಹೆಸರು ಕೇಳಲಿಲ್ಲಮ್ಮ, ಕಾಳು ಕೇಳಿದೆ. ನವಣೆ? ಸಾಮೆ? ಹುಚ್ಚೆಳ್ಳು ಕಂಡಿದ್ದೀಯಾ?"

ಕಂಡಿರಲಿಲ್ಲ. ನಾಲೆ ಬಯಲಿನಲ್ಲಿ ಅದನ್ನೆಲ್ಲ ಯಾರು ಬಿತ್ತುತ್ತಾರೆ? ಭತ್ತವನ್ನೇ ನಾನು ಬದುವಿನಿಂದಾಚೆಗೆ ನೋಡಿದವಳಲ್ಲ. ಅವರು ಕನ್ನಡಕ ಏರಿಸಿ, "ಎಲ್ಲಿ, ಕೈ ಕೊಡು" ಎಂದರು. ಕೊಟ್ಟೆ. "ರಾಮ ರಾಮ! ಇದೇನಮ್ಮ ಇದು, ಬೆಣ್ಣೆ! ನಮ್ಮ ಕಾಲದಲ್ಲಿ ಏನು ಮಾಡ್ತಿದ್ರು ಗೊತ್ತಾ? ಪ್ರಶ್ನೆಗಿಶ್ನೆ ಎಲ್ಲ ಆಮೇಲೆ. ಮೊದಲು ಅಂಗೈ. ಜಡ್ಡುಗಟ್ಟಿದ್ರೆ ಒಳಗೆ, ಇಲ್ಲದಿದ್ರೆ ಬಂದ ದಾರಿ ಹಿಡಿ. ಎಷ್ಟು ದಿನ ಇದೆ ಅಂದೆ? ಇಪ್ಪತ್ತೊಂದಾ? ಯುದ್ಧಕಾಲೇ ಶಸ್ತ್ರಾಭ್ಯಾಸ ಆಯ್ತಲ್ಲಪ್ಪ ನಿಮ್ಮದು!" ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾನು ಅಂಗೈ ಕಾಣದ ಹಾಗೆ ಲೋಟ ಹಿಡಿದೆ.

ಬಸ್ಸಿನಲ್ಲಿ ಅಪ್ಪ ಒಂದು ಸಲ ತನ್ನ ಅಂಗೈ ನೋಡಿಕೊಂಡ, ಒಂದು ಸಲ ನನ್ನದನ್ನು ನೋಡಿದ. ಊರು ಬಂದಾಗ ಹೇಳಿದ, "ನಾಡಿದ್ದು ನಾಗಮಂಗ್ಲಕ್ಕೆ ಒಂಟೋಗು, ನಿಮ್ಮಜ್ಜಿ ತಾವ. ನಮ್ಮೂರಲ್ಲಿ ಬ್ಯಾಡ. ನೀನು ಗುದ್ಲಿ ಇಡಿಯೋದ ನನ್ ಕಣ್ಣಲ್ಲಿ ನೋಡಕ್ಕಾಗಕಿಲ್ಲ." ಆಗ ನನಗೆ ಅವನ ಮೇಲೆ ಕೋಪವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ನಮ್ಮವ್ವನ ತಾಯಿಯ ಊರು ನಾಗಮಂಗಲದಿಂದ ಆಚೆಗೆ. ಅಲ್ಲಿ ನಾಲೆಯೂ ಇಲ್ಲ, ಗದ್ದೆಯೂ ಇಲ್ಲ. ಕೆಂಪು ಮಣ್ಣಿನ ಹೊಲ, ಮಳೆ ಬಂದರೆ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು. ಅಜ್ಜಿ ಎಪ್ಪತ್ತು ದಾಟಿದವಳು, ಬೆನ್ನು ಬಾಗಿದ್ದರೂ ನಾಲಗೆ ಮಾತ್ರ ನೆಟ್ಟಗಿತ್ತು. ನಾನು ಬಂದ ಕಾರಣ ಹೇಳಿದಾಗ ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಜಡ್ಡು ಬೇಕಾ ನಿನ್ಗೆ? ನಿಮ್ಮಪ್ಪ ನಾಲೆ ನೀರು ಕುಡ್ದು ಕೊಬ್ಬವ್ನೆ ಕಣಮ್ಮಿ. ಕೈ ಕೆಸ್ರಾದ್ರೆ ಬಾಯಿ ಮೊಸ್ರು ಅಂತಾರೆ, ನಿನ್ಗೆ ಬರೀ ಮೊಸ್ರೇ ಉಣ್ಸವ್ರೆ. ನಡಿ ತಿಪ್ಪೆ ತಾವ."

ಮೊದಲ ದಿನ ತಿಪ್ಪೆ ಅಗೆದು ಗೊಬ್ಬರ ಕುಕ್ಕೆಗೆ ತುಂಬಿದೆ. ಎರಡನೇ ದಿನ ಹೊಲದ ಬದು ಕಡಿದೆ. ಮೂರನೇ ದಿನಕ್ಕೆ ಅಂಗೈಯಲ್ಲಿ ಐದು ಬೊಬ್ಬೆ ಎದ್ದವು, ಐದನೇ ದಿನಕ್ಕೆ ಒಡೆದವು. ಉರಿ ತಡೆಯಲಾರದೆ ಗುದ್ದಲಿ ಬಿಸಾಕಿ ಅತ್ತೆ. ಅಜ್ಜಿ ಹರಳೆಣ್ಣೆಗೆ ಅರಿಸಿನ ಕಲಸಿ ತಂದು ಸವರಿದಳು. ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ. "ಅಳು, ಬ್ಯಾಡ ಅನ್ನಲ್ಲ. ಅತ್ಕಂಡೇ ಅಗಿ" ಎಂದಳು. ಬಾವಿಯಿಂದ ನೀರು ಸೇದುವುದು ನನ್ನ ಪಾಲಿಗೆ, ರಾಗಿ ಬೀಸುವುದು ನನ್ನ ಪಾಲಿಗೆ. ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ಬೇರೆ ಬೊಬ್ಬೆ ಬಂತು. ಯಾವ ಕೆಲಸಕ್ಕೆ ಎಲ್ಲಿ ಬೊಬ್ಬೆ ಬರುತ್ತದೆ ಅನ್ನುವುದು ನನಗೆ ಬಾಯಿಪಾಠವಾಯಿತು.

ಮಧ್ಯಾಹ್ನ ಊಟವಾದ ಮೇಲೆ ಪಾಠ. ಅಜ್ಜಿ ಹಳೆಯ ಸೀರೆಯೊಂದರ ಉದ್ದಕ್ಕೂ ಗಂಟು ಕಟ್ಟಿ, ಒಂದೊಂದು ಗಂಟಿನಲ್ಲಿ ಒಂದೊಂದು ಬಿತ್ತನೆ ಬೀಜ ಇಟ್ಟಿದ್ದಳು. "ಕಣ್ಮುಚ್ಚು" ಅನ್ನುವಳು. ಕೈಗೆ ನಾಲ್ಕು ಕಾಳು ಹಾಕುವಳು. ನಾನು ತಪ್ಪು ಹೇಳಿದರೆ ಮೊಣಕಾಲ ಮೇಲೆ ಒಂದು ಬಿಡುವಳು. "ಸಾಸ್ವೆ ಅಂತೀಯಲ್ಲೇ! ಸಾಸ್ವೆ ಆದ್ರೆ ಬೆಳ್ಳಲ್ಲಿ ಜಾರ್ತದೆ. ರಾಗಿ ಜಾರಕಿಲ್ಲ, ಕಚ್ಕತದೆ. ಇನ್ನೊಂದ್ ಸಲ ಉಜ್ಜು." ಒಂದು ವಾರದಲ್ಲಿ ನನ್ನ ಬೆರಳಿಗೆ ಕಣ್ಣು ಬಂದವು. ಬೀಜ ಕಣಜಕ್ಕೆ ಹಾಕುವಷ್ಟು ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಹಲ್ಲೇ ಯಂತ್ರ. "ಕಟಂ ಅಂದ್ರೆ ಒಳಗ್ ಆಕು. ಪಿಚಕ್ ಅಂದ್ರೆ ಇನ್ನೂ ಬಿಸ್ಲು ಬೇಕು, ಅಷ್ಟೇಯ." ನಾನು ದಿನವಿಡೀ ಏನಾದರೊಂದನ್ನು ಕಡಿಯುತ್ತಲೇ ಇದ್ದೆ.

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು. ಅಂಥ ಹಸಿವನ್ನು ನಾನು ಕಂಡೇ ಇರಲಿಲ್ಲ. ಮನೆಯಲ್ಲಿ ಅರ್ಧ ಮುದ್ದೆಗೆ ಮುಖ ತಿರುಗಿಸುತ್ತಿದ್ದವಳು ಅಲ್ಲಿ ಹುರುಳಿಕಾಳಿನ ಬಸ್ಸಾರಿಗೆ ಎರಡು ಮುದ್ದೆ ಮುರಿಯುತ್ತಿದ್ದೆ. ಆಷಾಢದ ಗಾಳಿ ಹೊಲದ ಮೇಲೆ ಬೀಸುವಾಗ ಗುದ್ದಲಿ ಊರಿಕೊಂಡು ನಿಂತರೆ ಈ ಮೈ ನನ್ನದು ಅನ್ನಿಸುತ್ತಿತ್ತು. ಆದರೆ ಜಡ್ಡು ಮಾತ್ರ ಬರಲಿಲ್ಲ. ಒಡೆದ ಬೊಬ್ಬೆಯ ಮೇಲೆ ಹೊಸ ಬೊಬ್ಬೆ, ಅದರ ಮೇಲೆ ಸಿಪ್ಪೆ. ಹೊರಡುವ ದಿನ ನಾನು ಅದನ್ನು ಹೇಳಿಕೊಂಡು ಸಪ್ಪಗೆ ಕೂತಿದ್ದರೆ ಅಜ್ಜಿ ಒಲೆಯೊಳಗಿನ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕೈ ಕೊಡವಿದಳು. "ಇದ್ಕೆ ಅರವತ್ ವರ್ಸ ಇಡೀತು ಕಣಮ್ಮಿ. ನೀನು ಅತ್ತೊಂಬತ್ ದಿನಕ್ಕೆ ಕೇಳೀಯಲ್ಲ! ಕೇಳ್ದೋರ್ಗೆ ಇರಾದ ಏಳು. ಬೊಬ್ಬೆಗೇನು ಮರ್ವಾದಿ ಇಲ್ವಾ?"

ಅರಕೆರೆಗೆ ಬಂದಾಗ ಅವ್ವ ನನ್ನ ಕೈ ನೋಡಿ ಬೀದಿಗೆ ಕೇಳುವ ಹಾಗೆ ಕೂಗಿಕೊಂಡಳು. "ಅಯ್ಯೋ ನನ್ ಶಿವ್ನೆ! ಬರೋ ಭಾನ್ವಾರ ಕಿಕ್ಕೇರಿಯೋರು ಬತ್ತಾವ್ರೆ, ಈ ಕೈಲಿ ಕಾಫಿ ಲೋಟ ಕೊಟ್ಟಾಳಾ ಇವ್ಳು!" ಇದ್ದದ್ದು ಒಂದೇ ಜೊತೆ ಅಂಗೈ. ಶುಕ್ರವಾರ ಪರೀಕ್ಷಕರಿಗೆ ಒರಟಾಗಿರಬೇಕು, ಭಾನುವಾರ ಬೀಗರಿಗೆ ಮೆತ್ತಗಿರಬೇಕು. ಅವ್ವ ಬೆಣ್ಣೆಯ ಬಟ್ಟಲು ಹಿಡಿದು ಬಂದಳು. "ಬೆಣ್ಣೆ ಮುಟ್ಸಿದ್ರೆ ನೋಡು ಮತ್ತೆ!" ಅಂತ ನಾನು ಹಟ್ಟಿಯ ಸುತ್ತ ಓಡಿದೆ. ಅವಳು ಹಿಂದೆ, ನಾನು ಮುಂದೆ, ಎಮ್ಮೆ ಗಾಬರಿಯಾಗಿ ಗೂಟ ಕಿತ್ತುಕೊಂಡಿತು. ಅಪ್ಪ ಬಂದು, "ಬುಡಮ್ಮಿ, ಪರೀಕ್ಷೆ ಮುಗಿಯಗಂಟ ಅಂಗೇ ಇರ್ಲಿ" ಎಂದು ಬಟ್ಟಲನ್ನು ಕಿತ್ತಿಟ್ಟ.

ಶುಕ್ರವಾರ ಮೊದಲ ಬಸ್ಸಿಗೇ ಹೊರಟೆವು. ಅಪ್ಪ ಬಿಳಿ ಷರ್ಟು ತೊಟ್ಟು, ಚೀಲದಲ್ಲಿ ಆರು ಅಚ್ಚು ಬೆಲ್ಲ ತಂದಿದ್ದ. ಸಾಹೇಬರಿಗೆ ಕೊಡುವುದಕ್ಕಂತೆ! "ಅದನ್ನ ಹೊರಗೆ ತೆಗೆದ್ರೆ ನಾನು ವಾಪಸ್ ಬಸ್ ಹತ್ತುತೀನಿ" ಅಂತ ಹೇಳಿ ಸುಮ್ಮನಿರಿಸಿದೆ. ದಾರಿಯುದ್ದಕ್ಕೂ ಅವನು ನನಗೆ ಪಾಠ ಹೇಳಿಕೊಟ್ಟ. "ಎಷ್ಟ್ ದಿನದಿಂದ ಗೇಯ್ತಿದ್ದೀಯ ಅಂದ್ರೆ ಉಟ್ದಾಗ್ನಿಂದ ಅನ್ನು. ತಿಳೀತಾ?" ಕಾಲೇಜಿನ ಮೊಗಸಾಲೆಯಲ್ಲಿ ನನ್ನಂಥ ಎಷ್ಟೋ ಜನ ಕಾಯುತ್ತಿದ್ದರು. ನಾನು ಒಬ್ಬೊಬ್ಬರ ಅಂಗೈಯನ್ನೂ ಓರೆಗಣ್ಣಿನಿಂದ ನೋಡಿದೆ. ಯಾರೂ ತಮ್ಮ ಕೈಯ ಬಗ್ಗೆ ಯೋಚನೆ ಮಾಡುತ್ತಿದ್ದ ಹಾಗೆ ಕಾಣಲಿಲ್ಲ. ಎಲ್ಲರಿಗೂ ಜಡ್ಡು ಬಂದು ಯಾವುದೋ ಕಾಲವಾಗಿರಬೇಕು, ಅದಕ್ಕೇ ಈ ನೆಮ್ಮದಿ ಅಂದುಕೊಂಡು ಇನ್ನಷ್ಟು ಬೆವರಿದೆ.

ಒಳಗೆ ಮೇಜಿನ ಹಿಂದೆ ಮೂವರು ಕೂತಿದ್ದರು, ಇಬ್ಬರು ಗಂಡಸರು, ಬಲಗಡೆ ತಲೆ ನರೆತ ಒಬ್ಬ ಹೆಂಗಸು. ಗೋಡೆಯ ಬದಿಗೆ ಇನ್ನೊಂದು ಮೇಜು, ಅದರ ಮೇಲೆ ಬೀಜದ ಬಟ್ಟಲುಗಳು. ನಾನು ನಮಸ್ಕಾರ ಮಾಡಿದೆ, ಕೂತೆ. ಅವರು ಬಾಯಿ ತೆರೆಯುವ ಮೊದಲೇ ಎರಡೂ ಕೈ ಚಾಚಿ ಅಂಗೈ ಮೇಲೆ ಮಾಡಿ ಅವರ ಮೇಜಿನ ಮೇಲೆ, ಕಾಗದಪತ್ರಗಳ ಮೇಲೇ ಇಟ್ಟೆ.

ಮೂವರೂ ನನ್ನ ಕೈ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಮ್ಮ ಇದು?" ನಡುವೆ ಕೂತವರು ಕೇಳಿದರು.

"ಅಂಗೈ, ಸಾರ್."

"ಅದು ಕಾಣ್ತಿದೆ. ನಾವು ಕಣಿ ಹೇಳೋರಲ್ಲಮ್ಮ. ಯಾಕೆ ಇಟ್ಟೆ?"

ಆಗ ನನ್ನ ಬಾಯಿಂದ ಎಲ್ಲವೂ ಹೊರಗೆ ಬಂತು. ಪಾಂಡವಪುರದ ಹಳೆಯ ವಿದ್ಯಾರ್ಥಿ, ಜಡ್ಡು, ಅಜ್ಜಿ, ತಿಪ್ಪೆ, ಎಲ್ಲ. ನರೆತ ತಲೆಯ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿಸಿ ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಇದು ಗುದ್ದಲಿ. ಇದು... ಬೀಸುಕಲ್ಲು, ಅಲ್ವಾ? ಇದೇನು, ಈ ಅಡ್ಡಗೆರೆ?"

"ಬಾವಿ ಹಗ್ಗ, ಮೇಡಂ."

"ಎಷ್ಟು ದಿನದಿಂದ?"

ಹುಟ್ಟಿದಾಗಿನಿಂದ ಅನ್ನಬೇಕು. ಅಪ್ಪ ಹೇಳಿಕೊಟ್ಟಿದ್ದ. ಆದರೆ ಅಂಗೈ ನೋಡಿ ಕಲ್ಲನ್ನೂ ಹಗ್ಗವನ್ನೂ ಹೇಳಿದವರ ಮುಂದೆ ಯಾವ ಸುಳ್ಳು ನಿಲ್ಲುತ್ತದೆ? "ಹತ್ತೊಂಬತ್ತು ದಿನ, ಮೇಡಂ."

"ಅದಕ್ಕೆ ಮುಂಚೆ?"

"ಬೆಣ್ಣೆ, ಮೇಡಂ."

ಈಗ ಮೂವರೂ ನಕ್ಕರು. ನನ್ನನ್ನು ಬೀಜದ ಬಟ್ಟಲುಗಳ ಬಳಿಗೆ ಕರೆದುಕೊಂಡು ಹೋದರು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೈ ಹಾಕಿದೆ. "ಕಣ್ಣು ಬಿಟ್ಟೇ ನೋಡಬಹುದಮ್ಮ" ಎಂದರು. "ಬ್ಯಾಡಿ ಸಾರ್, ಇಂಗೇ ಗೊತ್ತಾಗೋದು" ಅಂದೆ. ಗಾಬರಿಯಲ್ಲಿ ನನ್ನ ಬಾಯಲ್ಲಿ ಕಾಲೇಜು ಕನ್ನಡ ಮರೆತು ಅಜ್ಜಿಯ ಕನ್ನಡವೇ ಬಂದಿತ್ತು. ರಾಗಿ, ನವಣೆ, ಹುರುಳಿ, ಅಲಸಂದೆ, ಹುಚ್ಚೆಳ್ಳು, ಒಂದೊಂದಾಗಿ ಹೇಳಿದೆ. ಭತ್ತದ ಬಟ್ಟಲು ಬಂದಾಗ, ಇದನ್ನು ಬೀಜಕ್ಕೆ ಅಂತ ಎತ್ತಿಡಬಹುದೇ ಎಂದು ಕೇಳಿದರು. ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದೆ. ಪಿಚಕ್. "ಇಲ್ಲ ಸಾರ್, ಇನ್ನೂ ಎರಡು ಬಿಸಿಲು ಬೇಕು." ಎಡಗಡೆ ಕೂತಿದ್ದವರು, "ತಿಂದುಬಿಡಬೇಡಮ್ಮ, ಹೊರಗೆ ಇನ್ನೂ ಅಷ್ಟು ಜನ ಇದ್ದಾರೆ" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಕೊನೆಯ ಬಟ್ಟಲಿನಲ್ಲಿ ಉರುಟಾದ, ಹಳದಿ ಬಣ್ಣದ ಕಾಳು. ಉಜ್ಜಿದೆ, ಮೂಸಿದೆ, ಗೊತ್ತಾಗಲಿಲ್ಲ. "ಇದು ನಮ್ಮಜ್ಜಿಯ ಸೀರೆಯಲ್ಲಿ ಇರಲಿಲ್ಲ ಸಾರ್" ಎಂದೆ. ಅದು ಸೋಯಾ ಅವರೆಯಂತೆ. ಅದರ ಅಂಕ ಹೋಯಿತು.

ಹೊರಡುವ ಮುಂಚೆ ಆ ಹೆಂಗಸು ಒಂದು ಪ್ರಶ್ನೆ ಕೇಳಿದರು. "ನಿನ್ನನ್ನ ಗದ್ದೆಗೇ ಇಳಿಸದ ಅಪ್ಪ, ನಾಳೆ ನೀನು ಓದಿ ಬಂದು ಬೇಸಾಯದ ಮಾತು ಹೇಳಿದ್ರೆ ಕೇಳ್ತಾರಾ?"

"ಗೊತ್ತಿಲ್ಲ ಮೇಡಂ. ಕೇಳಿಸಬೇಕು ಅಂತಲೇ ಬಂದಿರೋದು."

ಅವರು ಏನನ್ನೋ ಬರೆದುಕೊಂಡರು. ನಡುವಿನವರು ಮಾತ್ರ ಬಾಗಿಲವರೆಗೆ ಬಂದು ದನಿ ತಗ್ಗಿಸಿ, "ಅಂಗೈ ನೋಡೋ ಕತೆ ನಾನೂ ಕೇಳಿದ್ದೆ ಕಣಮ್ಮ. ನಾನೂ ಇಲ್ಲೇ ಓದಿದೋನು. ಹೊಸಬರನ್ನ ಹೆದರಿಸೋಕೆ ಸೀನಿಯರ್‌ಗಳು ಕಟ್ಟಿದ್ದು. ಯಾವ ಕಾಲದಲ್ಲೂ ಯಾರೂ ನೋಡಿಲ್ಲ" ಎಂದರು.

ಹೊರಗೆ ಬಂದು ಅಪ್ಪನಿಗೆ ಹೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಾಂಡವಪುರದಲ್ಲಿ ಬಸ್ಸಿಳಿದು ಆ ಯಜಮಾನರ ಜಗುಲಿಯಲ್ಲೇ ಜಗಳ ಆಡಬೇಕು ಅಂತ ಹಟ ಹಿಡಿದೆ. ಅಪ್ಪ ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದವನು ಗೋಡೆ ಹಿಡಿದು ಕೂತೇಬಿಟ್ಟ. "ನನ್ ಮಗ್ಳು ಅತ್ತೊಂಬತ್ ದಿನ ತಿಪ್ಪೆ ಅಗ್ದವ್ಳೆ, ಕತೆ ಕೇಳ್ಬುಟ್ಟು!" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿ, ಅವರಿಗೇ ಆರು ಅಚ್ಚು ಬೆಲ್ಲವನ್ನೂ ಮುರಿದು ಹಂಚಿದ. ನಮ್ಮಪ್ಪ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ನಕ್ಕೆ.

ಭಾನುವಾರ ಕಿಕ್ಕೇರಿಯವರು ಬಂದರು, ಟ್ರಾಕ್ಟರಿನಲ್ಲೇ. ಅವ್ವ ನನಗೆ ಕೈತುಂಬ ಗಾಜಿನ ಬಳೆ ತೊಡಿಸಿ, ಅಂಗೈ ಮುಚ್ಚುವ ಹಾಗೆ ತಟ್ಟೆ ಹಿಡಿಯುವುದನ್ನು ಹೇಳಿಕೊಟ್ಟಿದ್ದಳು. ಗಂಡಿನ ತಾಯಿ ಕಾಫಿ ತೆಗೆದುಕೊಳ್ಳುತ್ತ ನನ್ನ ಕೈಯನ್ನೇ ಹಿಡಿದರು, ಮಗುಚಿದರು. ಅವ್ವ ಕಣ್ಣು ಮುಚ್ಚಿಕೊಂಡಳು. "ಅಬ್ಬಬ್ಬ! ಓದಿರೋ ಎಣ್ಣು, ಬರೀ ಶೋಕಿ ಇರ್ತದೆ ಅನ್ಕಂಡಿದ್ದೆ" ಎಂದರು ಆಕೆ. "ಗೇಯೋ ಕೈ ಕಣ್ರೀ ಇದು! ನಮ್ಗೆ ಒಪ್ಗೆ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಪರೀಕ್ಷೆಗೆ ಮಾಡಿಕೊಂಡ ತಯಾರಿ ಇನ್ನೊಂದರಲ್ಲಿ ಪಾಸು ಮಾಡಿಸಿತ್ತು! ಅಪ್ಪ ಮಾತ್ರ, "ಕಾಲೇಜಿನ ಕಾಗ್ದ ಒಂದು ಬರ್ಬೇಕು, ಅಲ್ಲೀಗಂಟ ತಡೀರಿ" ಎಂದ. ಅವರು ಹದಿನೈದು ದಿನ ತಡೆಯುತ್ತೇವೆ ಎಂದು ಎದ್ದರು.

ಆ ಹದಿನೈದು ದಿನ ನಾನು ಅಂಚೆಯವನ ಸೈಕಲ್ಲಿನ ಬೆಲ್ಲಿಗೆ ಕಿವಿ ಕೊಟ್ಟುಕೊಂಡೇ ಬದುಕಿದೆ. ಅಷ್ಟರಲ್ಲಿ ಕೆ.ಆರ್.ಎಸ್. ತುಂಬಿ ನಾಲೆಗೆ ನೀರು ಬಂತು. ಊರೆಲ್ಲ ಕೆಸರು, ಸಸಿಮಡಿ, ನಾಟಿಯ ಗದ್ದಲ. ಹದಿಮೂರನೇ ದಿನ ಕಾಗದ ಬಂತು. ಬೀದಿಯಲ್ಲೇ ಕವರು ಹರಿದೆ. ಇಂಗ್ಲಿಷು. ಪ್ರಾಯೋಗಿಕ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೆರಡು ಅಂತ ಒಂದು ಸಾಲು, ಯಾವ ದಿನ ಬಂದು ಸೇರಬೇಕು ಅಂತ ಅದರ ಕೆಳಗಿನ ಸಾಲು. ಎರಡನೇ ಸಾಲನ್ನು ಮೂರು ಸಲ ಓದಿದೆ. ಆಮೇಲೆ ಓಡಿದೆ. ಬಾಗಿಲಲ್ಲಿದ್ದ ಅವ್ವನಿಗೆ "ಸಿಕ್ತು ಕಣವ್ವ!" ಅಂತ ಕೂಗಿದೆ. ಅವಳು "ಅಯ್ಯೋ ಟ್ರಾಕ್ಟ್ರು!" ಅಂದವಳೇ ಸೆರಗು ಬಾಯಿಗೆ ಹಿಡಿದು ಅತ್ತಳು, ನಕ್ಕಳು, ಎರಡೂ ಮಾಡಿದಳು.

ಅಪ್ಪ ಗದ್ದೆಯಲ್ಲಿ ಮೊಣಕಾಲು ಕೆಸರಲ್ಲಿ ನಿಂತು ಸಸಿಯ ಕಂತೆ ಎಸೆಯುತ್ತಿದ್ದ. ನಾನು ಬದುವಿನ ತುದಿಯಲ್ಲಿ ನಿಂತೆ. ಯಾವಾಗಲೂ ನಿಲ್ಲುತ್ತಿದ್ದ ಜಾಗ. ಕಾಗದವನ್ನು ಎತ್ತಿ ಓದಿ, ಕನ್ನಡದಲ್ಲಿ ಹೇಳಿದೆ. ನಾಟಿ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು. ಅಪ್ಪ ಕಣ್ಣು ತುಂಬಿಕೊಂಡಿದ್ದನ್ನು ಮರೆಮಾಚಲು ಮುಖಕ್ಕೆ ನೀರು ಎರಚಿಕೊಂಡ. ಆಮೇಲೆ ಒಂದು ಕಂತೆ ಸಸಿಯನ್ನು ನನ್ನ ಕಡೆಗೆ ಚಾಚಿ ಹೇಳಿದ, "ಇಳಿ ಕೆಳಕ್ಕೆ."

ಕಾಗದವನ್ನು ಜಡೆಗೆ ಸಿಕ್ಕಿಸಿಕೊಂಡು, ಲಂಗ ಎತ್ತಿ ಕಟ್ಟಿ ಇಳಿದೆ. ಕೆಸರು ತಣ್ಣಗೆ ಮೊ‌ಣಕಾಲಿಗೆ ಬಂತು. ಹೆಂಗಸರು ಜಾಗ ಬಿಟ್ಟುಕೊಟ್ಟರು. "ನೋಡ್ರಮ್ಮಿ, ಅಮ್ಮಣ್ಣಿ ಕಾಲ್ಗೆ ಕೆಸ್ರು ತಾಕ್ತು!" ಎಂದು ಒಬ್ಬಳು ಕೂಗಿದಳು, ಎಲ್ಲರೂ ಕೇಕೆ ಹಾಕಿದರು. ಅಜ್ಜಿಯ ಹೊಲದಲ್ಲಿ ನಾಟಿ ಕಲಿಸಿರಲಿಲ್ಲ. ನಾನು ನೆಟ್ಟ ಸಾಲು ಹಾವಿನ ಹಾಗೆ ಹೋಯಿತು, ಅರ್ಧ ಸಸಿ ನೀರಲ್ಲಿ ತೇಲಿತು. ಆದರೂ ಹತ್ತು ಮಾರು ನೆಟ್ಟೆ. ನೆಟ್ಟು ತಿರುಗಿ ನೋಡಿದರೆ ಅಪ್ಪ ಕೆಸರಿನ ಕೈಗಳನ್ನು ಬಿಳಿ ಬನಿಯನ್ನಿನ ಮೇಲೆ ಕಟ್ಟಿಕೊಂಡು ನಿಂತಿದ್ದ. ಜೀಪಿನ ಹೆಂಗಸಿನ ಮುಂದೆ ನಿಂತಿದ್ದ ಹಾಗೆಯೇ.

"ಏನ್ ಮೇಡಂ, ಏಳಿ. ಈ ಸಲ ಬೆಳೆಗೆ ಏನ್ ಮಾಡ್ಬೇಕು?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ, ಕೈಯನ್ನೂ ಬಿಚ್ಚಲಿಲ್ಲ. ನನಗೆ ಹೇಳುವುದಕ್ಕೆ ಒಂದೇ ಒಂದು ವಿಷಯವೂ ಗೊತ್ತಿರಲಿಲ್ಲ.

"ಇನ್ನೂ ಏನೂ ಗೊತ್ತಿಲ್ಲ ಕಣಪ್ಪ. ಕಲ್ತ್ಕಂಡ್ ಬಂದು ಏಳ್ತೀನಿ."

"ಓಗ್ಬುಟ್ ಬಾ" ಎಂದ ಅಪ್ಪ. "ಅಲ್ಲೀಗಂಟ ಇಂಗೇ ನಿಂತಿರ್ತೀನಿ."